ಬೀದರ ಸೀಮೆಯ ಆನೆಕಾಲು: ಒಂದು ಅನ್ವೇಷಣೆಯ ವೃತ್ತಾಂತ

ಕ್ರಿ.ಶ. ೧೮೯೭ರ ಆಗಸ್ಟ್ ತಿಂಗಳಿನಲ್ಲಿ ಬೀದರ ನಗರವೂ ಭಾಲ್ಕಿಯೂ ಔರಾದವೂ ಸಿಕಂದರಾಬಾದಿನ ದಂಡಿನ ಪಾಳೆಯವೂ ಒಂದೇ ಸಂಸ್ಥಾನದ ಮೇರೆಯೊಳಗೆ, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ನಾಡಿನಲ್ಲಿ ಇದ್ದುವು. ಬೀದರದಿಂದ ಆಗ್ನೇಯಕ್ಕೆ ಸುಮಾರು ೧೪೦ ಕಿಲೋಮೀಟರು ದೂರದ ಬೇಗಂಪೇಟೆಯ ಸೈನಿಕ ಆಸ್ಪತ್ರೆಯಲ್ಲಿ ಆ ತಿಂಗಳ ೨೦ನೆಯ ದಿನ ರೊನಾಲ್ಡ್ ರಾಸ್ ಎಂಬ ಸೇನಾವೈದ್ಯನು ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡನೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಸೊಳ್ಳೆಯ ಒಡಲಿನಲ್ಲಿ ರೋಗಬೀಜವನ್ನು ಹುಡುಕಬೇಕೆಂಬ ಬುದ್ಧಿಯು ರಾಸನಿಗೆ ಮಲೇರಿಯದಿಂದ ಬಂದುದಲ್ಲ; ಅದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಆನೆಕಾಲು ರೋಗದ ಅನ್ವೇಷಣೆಯಿಂದ ಹುಟ್ಟಿದುದು. ಮಲೇರಿಯದ ಕೀರ್ತಿಯು ಬೆಳಗಿದ ಬೆಳಕಿನಲ್ಲಿ ಆನೆಕಾಲಿನ ಕಥೆಯು ಮಸುಕಾಯಿತು. ಕಥೆಯೊಡನೆ ರೋಗಿಗಳೂ ಮರೆಯಾದರು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳ ಬಯಲುಸೀಮೆಯಲ್ಲಿ ಇಂದಿಗೂ ಆ ರೋಗಿಗಳು ಇದ್ದಾರೆ. ಆ ಅನ್ವೇಷಣೆಯ ಅನೇಕ ಮುಖ್ಯ ಘಟ್ಟಗಳು ನಮ್ಮ ಈ ದಕ್ಷಿಣಾಪಥದ ನೆಲಕ್ಕೂ ಜನಕ್ಕೂ ಸೇರಿದವು, ಅದರ ಕಡೆಯ ಘಟ್ಟವನ್ನು ಪೂರೈಸುವ ಹೊಣೆಯೂ ಈ ನೆಲದ ಜನರದೇ ಎಂಬ ನಂಬುಗೆಯಿಂದ ಈ ವೃತ್ತಾಂತವನ್ನು ಬರೆಯುತ್ತಿದ್ದೇನೆ.

ರೋಗವು ಹೊಸದಲ್ಲ. ಸುಶ್ರುತನು ಇದನ್ನು ಶ್ಲೀಪದವೆಂದು ಹೆಸರಿಸಿ, ಹಳೆಯ ನೀರು ನಿಂತು ತಂಪು ಹಿಡಿದ ಪ್ರದೇಶಗಳಿಗೂ ಈ ವ್ಯಾಧಿಗೂ ಸಂಬಂಧವುಂಟೆಂದು ಗುರುತಿಸಿದ್ದನು. ಸೊಳ್ಳೆಯ ಮಾತನ್ನೇ ಎತ್ತದೆ, ಸೂಕ್ಷ್ಮದರ್ಶಕದ ಸಹಾಯವಿಲ್ಲದೆ, ನಿಂತ ನೀರನ್ನು ಮಾತ್ರ ಬೊಟ್ಟುಮಾಡಿ ತೋರಿದ ಆ ವೈದ್ಯನ ಅವಲೋಕನ ಶಕ್ತಿಯನ್ನು ನೆನೆದರೆ ಗೌರವ ಮೂಡುತ್ತದೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಬೀದರದಲ್ಲಿ ಆನೆಕಾಲೆಂದೂ ಹತ್ತೀರೋಗವೆಂದೂ ಫೀಲ್‌ಪಾ ಎಂದೂ ಇದಕ್ಕೆ ಹೆಸರುಗಳುಂಟು. ಹೆಸರು ಯಾವುದಾದರೂ ಅನುಭವವು ಒಂದೇ: ಮೊದಲು ಆಗಾಗ ಬಂದುಹೋಗುವ ಜ್ವರ, ತೊಡೆಯ ಸಂದಿನಲ್ಲಿ ಗಂಟು, ಕಾಲಿನಲ್ಲಿ ಕೆಂಪು ಗೆರೆ, ಅನಂತರ ಸಂಜೆಗೆ ಬಾತು ಬೆಳಿಗ್ಗೆಗೆ ಇಳಿಯುವ ಪಾದ, ಕೆಲವು ವರ್ಷಗಳಾದ ಮೇಲೆ ಇಳಿಯುವುದನ್ನೇ ಮರೆತ ಪಾದ, ಬಿರುಕುಬಿಟ್ಟು ಮಡಿಕೆಗಟ್ಟಿದ ಚರ್ಮ. ಗಂಡಸರಲ್ಲಿ ಅನೇಕರಿಗೆ ಇದು ವೃಷಣದ ಬಾವಾಗಿ ತೋರುತ್ತದೆ. ಅವರು ಲಜ್ಜೆಯಿಂದ ಅದನ್ನು ಹೆಂಡತಿಗೂ ಹೇಳದೆ ಧೋತರದ ಮರೆಯಲ್ಲಿ ಹೊತ್ತು ತಿರುಗುತ್ತಾರೆ. ಈ ರೋಗವು ಕೊಲ್ಲುವುದು ಅಪರೂಪ. ಆದರೆ ಎರೆಹೊಲದ ಕೆಸರಿನಲ್ಲಿ ಕಾಲೂರಿ ನಡೆಯಬೇಕಾದ ಒಕ್ಕಲಿಗನಿಂದ ದುಡಿಮೆಯನ್ನೂ, ಮದುವೆಯ ಮಾತು ನಡೆಯುತ್ತಿರುವ ಹೆಣ್ಣುಮಗಳಿಂದ ಭವಿಷ್ಯವನ್ನೂ ಕಸಿದುಕೊಂಡು, ಬದುಕಿದ್ದಷ್ಟು ಕಾಲವೂ ಮನುಷ್ಯನನ್ನು ಮೂಲೆಗೆ ತಳ್ಳುತ್ತದೆ. ಕೊಲ್ಲದ ರೋಗವೆಂಬ ಕಾರಣದಿಂದಲೇ ರಾಜ್ಯಗಳು ಇದನ್ನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ಅಭಿಪ್ರಾಯ.

ಇದರ ಕಾರಣವನ್ನು ಅರಸಿದ ಆಧುನಿಕ ಕಥೆಯಲ್ಲಿ ಭಾರತಕ್ಕೆ ಮೊದಲಿನಿಂದಲೂ ಸ್ಥಾನವಿದೆ. ೧೮೬೩ರಲ್ಲಿ ಪ್ಯಾರಿಸಿನಲ್ಲಿ ಡೆಮಾರ್ಕೆ, ೧೮೬೬ರಲ್ಲಿ ಬ್ರೆಜಿಲಿನ ಬಹಿಯಾದಲ್ಲಿ ವೂಖರರ್ ಎಂಬ ವೈದ್ಯರು ರೋಗಿಗಳ ದೇಹದ್ರವಗಳಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ಹುಳುಗಳು ನುಲಿಯುವುದನ್ನು ಕಂಡಿದ್ದರು. ೧೮೭೨ರಲ್ಲಿ ಕಲಕತ್ತೆಯಲ್ಲಿದ್ದ ತಿಮೊಥಿ ಲೂಯಿಸ್ ಎಂಬವನು ಅವೇ ಹುಳುಗಳನ್ನು ಮನುಷ್ಯನ ರಕ್ತದಲ್ಲಿಯೇ ಕಂಡು, ಇವು ಮೂತ್ರದ ಅಥವಾ ಬಾವಿನ ಜೀವಿಗಳಲ್ಲ, ರಕ್ತನಿವಾಸಿಗಳು ಎಂದು ಸಿದ್ಧಪಡಿಸಿದನು. ೧೮೭೬ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಜೋಸೆಫ್ ಬ್ಯಾಂಕ್ರಾಫ್ಟನು ಇವುಗಳ ತಾಯಿಹುಳುವನ್ನು ರೋಗಿಯ ತೋಳಿನ ಬಾವಿನಿಂದ ಹೊರತೆಗೆದನು. ವೂಖರರ್ ಮತ್ತು ಬ್ಯಾಂಕ್ರಾಫ್ಟರ ಹೆಸರುಗಳನ್ನು ಜೋಡಿಸಿಯೇ ಇಂದು ಆ ಹುಳುವನ್ನು ವೂಖರೇರಿಯ ಬ್ಯಾಂಕ್ರಾಫ್ಟಿ ಎಂದು ಕರೆಯುತ್ತಾರೆ. ಎಂಟು ಹತ್ತು ಸೆಂಟಿಮೀಟರು ಉದ್ದದ ಬಿಳಿಯ ದಾರದಂಥ ಹೆಣ್ಣುಹುಳು ನಮ್ಮ ದುಗ್ಧರಸ ನಾಳಗಳಲ್ಲಿ ಗಂಡುಹುಳುವಿನೊಡನೆ ವರ್ಷಗಟ್ಟಲೆ ನೆಲಸಿ, ಲಕ್ಷಾಂತರ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ.

ಆದರೆ ರಕ್ತದಲ್ಲಿ ಹುಟ್ಟಿದ ಮರಿಯು ಇನ್ನೊಬ್ಬನ ರಕ್ತವನ್ನು ಸೇರುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಕುಳಿತವನು ಚೀನದ ಅಮೋಯ್ ಬಂದರಿನಲ್ಲಿ ಸುಂಕದ ಇಲಾಖೆಯ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಮ್ಯಾನ್ಸನ್. ಲೂಯಿಸನ ಲೇಖನವನ್ನು ಓದಿದ ಮೇಲೆ ಆತನು ಸಿಕ್ಕಸಿಕ್ಕವರ ರಕ್ತವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡತೊಡಗಿದನು. ರಕ್ತದಲ್ಲಿರುವಷ್ಟು ದಿನವೂ ಮರಿಯು ಒಂದಿಷ್ಟೂ ಬೆಳೆಯುವುದಿಲ್ಲವಾದ್ದರಿಂದ, ಬೆಳೆಯುವುದಕ್ಕಾಗಿ ಅದು ರಕ್ತವನ್ನು ಬಿಟ್ಟು ಹೊರಗೆ ಬರಲೇಬೇಕು; ತಾನಾಗಿ ಹೊರಬರಲಾರದ್ದರಿಂದ ರಕ್ತವನ್ನು ಹೀರುವ ಬೇರೆ ಜೀವಿಯೊಂದು ಅದನ್ನು ಹೊರತರಬೇಕು ಎಂದು ತರ್ಕಿಸಿದನು. ೧೮೭೭ರಲ್ಲಿ, ರಕ್ತದಲ್ಲಿ ಮರಿಹುಳುಗಳು ತುಂಬಿದ್ದ ಹಿನ್‌ಲೋ ಎಂಬ ಚೀನೀ ಮನುಷ್ಯನನ್ನು ಸೊಳ್ಳೆಮನೆಯೆಂಬ ಒಂದು ಕೋಣೆಯಲ್ಲಿ ಮಲಗಿಸಿ, ದೀಪ ಹಚ್ಚಿ ಬಾಗಿಲು ತೆರೆದಿಟ್ಟು, ಸೊಳ್ಳೆಗಳು ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿ, ಬೆಳಗಾದ ಬಳಿಕ ರಕ್ತ ಕುಡಿದು ಗೋಡೆಗೆ ಅಂಟಿಕೊಂಡಿದ್ದ ಸೊಳ್ಳೆಗಳನ್ನು ಹಿಡಿದು ಒಂದೊಂದನ್ನೇ ಸೀಳಿ ನೋಡಿದನು. ಸೊಳ್ಳೆಯ ಹೊಟ್ಟೆಯಲ್ಲಿ ಮರಿಯು ಸಾಯಲಿಲ್ಲ. ತನ್ನ ಕೋಶವನ್ನು ಹರಿದುಕೊಂಡು ಹೊರಬಂದು, ಜಠರವನ್ನು ದಾಟಿ, ಎದೆಯ ಸ್ನಾಯುಗಳನ್ನು ಸೇರಿ ದಿನದಿನಕ್ಕೆ ಬೆಳೆಯಿತು. ಮನುಷ್ಯನ ರೋಗವೊಂದು ಕೀಟದ ಒಡಲಿನಲ್ಲಿ ತನ್ನ ಬಾಲ್ಯವನ್ನು ಕಳೆಯುತ್ತದೆಂದು ಜಗತ್ತಿಗೆ ಮೊದಲು ತಿಳಿದುದು ಹೀಗೆ. ಎರಡು ವರ್ಷಗಳ ತರುವಾಯ ಆತನೇ ಇನ್ನೊಂದು ವಿಸ್ಮಯವನ್ನು ಕಂಡನು: ಹಗಲಿನಲ್ಲಿ ಎಷ್ಟು ಹುಡುಕಿದರೂ ಬೆರಳ ತುದಿಯ ರಕ್ತದಲ್ಲಿ ಸಿಕ್ಕದ ಈ ಮರಿಗಳು, ಕತ್ತಲಾದಂತೆ ಒಳಗಿನ ಅಂಗಗಳಿಂದ ಚರ್ಮದ ರಕ್ತಕ್ಕೆ ಬಂದು, ಮಧ್ಯರಾತ್ರಿಯ ಸುತ್ತಿನಲ್ಲಿ ಅಲ್ಲಿ ನೆರೆಯುತ್ತವೆ, ಅದೇ ಹೊತ್ತು ಸೊಳ್ಳೆಯ ಆಹಾರದ ಹೊತ್ತು. ನಮ್ಮ ಆರೋಗ್ಯ ಇಲಾಖೆಯವರು ಇಂದಿಗೂ ರಾತ್ರಿಯ ವೇಳೆಯಲ್ಲಿ ಊರೂರಿಗೆ ಹೋಗಿ ನಿದ್ರೆಯಿಂದ ಜನರನ್ನೆಬ್ಬಿಸಿ ಬೆರಳು ಚುಚ್ಚುವುದಕ್ಕೆ ಇದೇ ಕಾರಣ.

ಮ್ಯಾನ್ಸನನು ಅರ್ಧ ದಾರಿಯಲ್ಲಿ ತಪ್ಪಿದನು. ಸೊಳ್ಳೆಯು ಬದುಕಿನಲ್ಲಿ ಒಮ್ಮೆ ಮಾತ್ರ ರಕ್ತ ಕುಡಿದು, ನೀರಿನ ಮೇಲೆ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆಂಬ ಆ ಕಾಲದ ತಿಳಿವಳಿಕೆಯನ್ನು ನಂಬಿದ್ದ ಆತನು, ಸತ್ತ ಸೊಳ್ಳೆಯ ದೇಹದಿಂದ ಹುಳು ನೀರಿಗಿಳಿಯುತ್ತದೆ, ಆ ನೀರನ್ನು ಕುಡಿದವನಿಗೆ ರೋಗ ಅಂಟುತ್ತದೆ ಎಂದು ಬಗೆದನು. ಆ ತಪ್ಪು ತಿದ್ದುಪಡಿಯಾಗುವುದಕ್ಕೆ ನಿಜಾಮನ ಸೀಮೆಯ ದಾರಿಯನ್ನು ಸುತ್ತಿಬರಬೇಕಾಯಿತು.

ಹಿಮಾಲಯದ ಆಲ್ಮೋರದಲ್ಲಿ ೧೮೫೭ರಲ್ಲಿ ಹುಟ್ಟಿದ ರೊನಾಲ್ಡ್ ರಾಸನಿಗೂ ಕನ್ನಡನಾಡಿಗೂ ಹಳೆಯ ನಂಟು. ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದಕ್ಕೆ ಹೊರಗಡೆ ಇಟ್ಟಿದ್ದ ನೀರಿನ ತೊಟ್ಟಿಯೇ ಕಾರಣವೆಂದು ಕಂಡುಕೊಂಡು, ತೊಟ್ಟಿಯನ್ನು ಬೋರಲು ಹಾಕಿಸಿದೊಡನೆ ಸೊಳ್ಳೆಗಳು ತಗ್ಗಿದುವೆಂದು ಆತನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆಗ ಆತನ ಮನಸ್ಸಿನಲ್ಲಿ ರೋಗದ ಯೋಚನೆ ಇರಲಿಲ್ಲ. ನೆಮ್ಮದಿಯ ನಿದ್ರೆಯಷ್ಟೇ ಗುರಿ. ೧೮೯೪ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಮ್ಯಾನ್ಸನನ ಭೇಟಿಯಾಯಿತು. ೧೮೮೦ರಲ್ಲಿ ಆಲ್ಜೀರಿಯದಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯನು ಮಲೇರಿಯದ ಪರೋಪಜೀವಿಯನ್ನು ರಕ್ತದಲ್ಲಿ ಕಂಡುಹಿಡಿದಿದ್ದನಷ್ಟೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ರಾಸನಿಗೆ ತೋರಿಸಿದ ಮ್ಯಾನ್ಸನನು, ಆನೆಕಾಲಿನ ಹುಳುವಿನಂತೆಯೇ ಇದು ಕೂಡ ಸೊಳ್ಳೆಯಲ್ಲಿ ಬೆಳೆಯುತ್ತಿರಬೇಕು, ಭಾರತಕ್ಕೆ ಮರಳಿ ಇದನ್ನು ಶೋಧಿಸು ಎಂದು ಹುರಿದುಂಬಿಸಿದನು. ಹುಳುವಿನ ನಡೆಯಿಂದ ಏಕಕೋಶಜೀವಿಯ ನಡೆಯನ್ನು ಊಹಿಸುವುದು ಸಾಹಸದ ಮಾತೇ ಸರಿ.

ರಾಸನು ಮರಳಿ ಬಂದು ಸೇರಿದ ಸಿಕಂದರಾಬಾದಿನ ನೆರೆಯ ಹೈದರಾಬಾದಿನಲ್ಲಿ ಆಗ ವೈದ್ಯವಿದ್ಯೆಗೆ ಕೊರತೆಯಿರಲಿಲ್ಲ. ರೆಸಿಡೆನ್ಸಿಯ ಸರ್ಜನನಾಗಿದ್ದ ಎಡ್ವರ್ಡ್ ಲಾರಿಯು ನಿಜಾಮನ ದ್ರವ್ಯಸಹಾಯದಿಂದ ೧೮೮೮ ಮತ್ತು ೧೮೮೯ರಲ್ಲಿ ಕ್ಲೋರೊಫಾರ್ಮಿನ ಮೇಲೆ ಎರಡು ಆಯೋಗಗಳನ್ನು ನಡೆಸಿ ಹೆಸರುಗಳಿಸಿದ್ದನು. ಆದರೆ ಅದೇ ಲಾರಿಯು ಲಾವೆರಾನನ ಪರೋಪಜೀವಿಯನ್ನು ನಂಬಲೇ ಇಲ್ಲ. ರಕ್ತಕಣಗಳ ರೂಪಭೇದವನ್ನು ಜನರು ರೋಗಕಾರಕವೆಂದು ಭ್ರಮಿಸುತ್ತಿದ್ದಾರೆಂದು ವಾದಿಸಿದನು. ಮಲೇರಿಯದ ಪರೋಪಜೀವಿಯು ಸೊಳ್ಳೆಯಲ್ಲಿ ಮೊದಲು ಕಾಣಿಸಿಕೊಂಡ ಊರಿನಲ್ಲಿಯೇ ಅದರ ಅಸ್ತಿತ್ವವನ್ನು ಅಲ್ಲಗಳೆದ ಪ್ರಮುಖ ವೈದ್ಯನೂ ಇದ್ದನು. ಪ್ರಮಾಣವಿಲ್ಲದೆ ಒಪ್ಪೆನೆಂಬ ಆತನ ಹಟವನ್ನು ಹಳಿಯುವುದು ಸುಲಭವಾದರೂ, ರಾಸನು ಪ್ರತಿ ಹೆಜ್ಜೆಯಲ್ಲಿಯೂ ಕಣ್ಣಾರೆ ಕಂಡುದನ್ನಲ್ಲದೆ ಬೇರೇನನ್ನೂ ಬರೆಯದಷ್ಟು ಎಚ್ಚರದಿಂದಿದ್ದುದಕ್ಕೆ ಇಂಥ ಎದುರಾಳಿಗಳೂ ಒಂದು ಕಾರಣವಿರಬಹುದು.

೧೮೯೫ರಲ್ಲಿ ಕಾಲರಾ ನಿವಾರಣೆಯ ಕಾರ್ಯಕ್ಕಾಗಿ ರಾಸನನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿದರು. ೧೮೯೭ರ ಬೇಸಗೆಯಲ್ಲಿ ನೀಲಗಿರಿಯ ಸೀಗೂರು ಕಣಿವೆಯಲ್ಲಿ ಆತನಿಗೇ ಮಲೇರಿಯ ತಗುಲಿತು. ಜೂನಿನಲ್ಲಿ ಸಿಕಂದರಾಬಾದಿಗೆ ಮರಳಿ, ಸೆಕೆಯಲ್ಲಿ ಪಂಖವನ್ನೂ ಬೀಸಿಸಿಕೊಳ್ಳದೆ, ಏಕೆಂದರೆ ಗಾಳಿಗೆ ಸೀಳಿದ ಸೊಳ್ಳೆಯೇ ಹಾರಿಹೋಗುತ್ತಿತ್ತು, ಹಣೆಯ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿಯುವವರೆಗೆ ದುಡಿದನು. ಅಲ್ಲಿಯವರೆಗೆ ಆತನು ಸೀಳಿದ್ದೆಲ್ಲ ಮಲೇರಿಯವನ್ನು ಹೊರದ ಜಾತಿಯ ಸೊಳ್ಳೆಗಳು. ರೆಕ್ಕೆಗಳಲ್ಲಿ ಚುಕ್ಕೆಗಳುಳ್ಳ ಕಂದುಬಣ್ಣದ ಬೇರೊಂದು ಜಾತಿಯು ಆಗಸ್ಟಿನಲ್ಲಿ ಕೈಗೆ ಬಂದಿತು. ಹುಸೇನ್ ಖಾನ್ ಎಂಬ ರೋಗಿಯು ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಹಣ ಪಡೆದು ಅವುಗಳಿಗೆ ಮೈಯೊಡ್ಡಿದನು. ಆಗಸ್ಟ್ ೨೦ರಂದು ಅವುಗಳಲ್ಲಿ ಒಂದರ ಜಠರದಲ್ಲಿ ಕಪ್ಪು ಕಣಗಳನ್ನುಳ್ಳ ದುಂಡನೆಯ ಕೋಶಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಅಲ್ಪಕಾಲದಲ್ಲಿಯೇ ಆತನಿಗೆ ರಾಜಪುತಾನದ ಖೇರ್ವಾರಕ್ಕೆ ವರ್ಗವಾಗಿ ಕೆಲಸ ನಿಂತಿತು. ೧೮೯೮ರಲ್ಲಿ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಹಿಡಿದು, ರೋಗಬೀಜವು ಸೊಳ್ಳೆಯ ಜೊಲ್ಲಿನ ಗ್ರಂಥಿಗಳನ್ನು ಸೇರಿ ಕಡಿತದ ಮೂಲಕವೇ ಇನ್ನೊಂದು ಹಕ್ಕಿಗೆ ದಾಟುವುದನ್ನು ರಾಸನು ತೋರಿಸಿಕೊಟ್ಟನು. ಮನುಷ್ಯರ ಮಲೇರಿಯದಲ್ಲಿ ಅದೇ ಕ್ರಮವನ್ನು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಸಾಧಿಸಿದರು. ೧೯೦೨ರಲ್ಲಿ ರಾಸನಿಗೆ ನೊಬೆಲ್ ಪಾರಿತೋಷಕ ಬಂದಿತು.

ನೀರಿನಿಂದಲ್ಲ, ಕಡಿತದಿಂದ ಎಂಬ ಅರಿವು ಮಲೇರಿಯದಲ್ಲಿ ಮೂಡಿದ ಮೇಲೆ ಆನೆಕಾಲಿನ ಶೋಧಕರೂ ಹಿಂದಿರುಗಿ ನೋಡಿದರು. ೧೯೦೦ರಲ್ಲಿ ಲಂಡನ್ನಿನ ಜಾರ್ಜ್ ಕಾರ್ಮೈಕೇಲ್ ಲೋ ಎಂಬಾತನು ಆಸ್ಟ್ರೇಲಿಯದಿಂದ ಬಂದಿದ್ದ ಸೊಳ್ಳೆಗಳನ್ನು ತೆಳುಪದರಗಳಾಗಿ ಕತ್ತರಿಸಿ ನೋಡಿ, ಬೆಳೆದ ಹುಳುಗಳು ಸೊಳ್ಳೆಯ ಸೊಂಡಿಲಿನಲ್ಲಿಯೇ ಕಾದು ಕುಳಿತಿರುವುದನ್ನು ಕಂಡನು. ಅದೇ ವರ್ಷ ಭಾರತೀಯ ವೈದ್ಯಕೀಯ ಸೇವೆಯ ಎಸ್. ಪಿ. ಜೇಮ್ಸನೂ ಇಲ್ಲಿಯ ಸೊಳ್ಳೆಗಳಲ್ಲಿ ಅದನ್ನೇ ಕಂಡನು. ಮಲೇರಿಯದ ಅನ್ವೇಷಣೆಗೆ ಆನೆಕಾಲು ದಾರಿ ತೋರಿತು. ಆನೆಕಾಲಿನ ಉಳಿದರ್ಧ ದಾರಿಯನ್ನು ಸಿಕಂದರಾಬಾದು ಮತ್ತು ಕಲಕತ್ತೆಗಳಿಂದ ಮಲೇರಿಯ ತೋರಿತು. ಇವರೆಲ್ಲರ ಹೆಸರುಗಳನ್ನು ಗ್ರಂಥಗಳು ಕಾಪಾಡಿವೆ. ರಕ್ತವನ್ನು ಕೊಟ್ಟ ಹಿನ್‌ಲೋ, ಹುಸೇನ್ ಖಾನರ ಹೆಸರುಗಳು ಅಡಿಯಲ್ಲೊಂದು ಸಾಲಾಗಿ ಉಳಿದಿರುವುದೇ ಹೆಚ್ಚು. ಅವರಿಗೂ ಈ ವಿದ್ಯೆಯಲ್ಲಿ ಸಮಪಾಲಿದೆಯೆಂದು ಹೇಳಲು ನಾನು ಸಂಕೋಚಪಡುವುದಿಲ್ಲ.

ಅರಿವು ಬಂದ ಮೇಲೆ ಐವತ್ತು ವರ್ಷ ರೋಗಿಗೆ ಅದರಿಂದ ಆದ ಉಪಕಾರ ಅಲ್ಪವೇ. ಮಲೇರಿಯಕ್ಕೆ ಕ್ವಿನೈನು ಇತ್ತು, ಆನೆಕಾಲಿಗೆ ಮದ್ದಿರಲಿಲ್ಲ. ಸೊಳ್ಳೆಯ ಜಾತಿಯೂ ಬೇರೆ: ಮಲೇರಿಯವನ್ನು ತರುವ ಅನಾಫಿಲಿಸ್ ತಿಳಿನೀರನ್ನು ಅರಸಿದರೆ, ಆನೆಕಾಲನ್ನು ತರುವ ಕ್ಯೂಲೆಕ್ಸ್ ಕೊಳೆತ ನೀರಿನಲ್ಲಿ ವೃದ್ಧಿಯಾಗುತ್ತದೆ. ಜಂಬಿಟ್ಟಿಗೆಯ ಎತ್ತರದ ಪ್ರಸ್ಥಭೂಮಿಯ ಮೇಲೆ ನಿಂತ ಬೀದರಕ್ಕೆ, ಬಹಮನಿ ಅರಸರು ಹದಿನೈದನೆಯ ಶತಮಾನದಲ್ಲಿ ಅದನ್ನು ರಾಜಧಾನಿಯಾಗಿ ಮಾಡಿಕೊಂಡಂದಿನಿಂದ, ನೀರನ್ನು ತರುವುದೇ ಮಹಾಕಾರ್ಯವಾಗಿತ್ತು. ನೌಬಾದಿನಲ್ಲಿ ಬಂಡೆಯನ್ನು ಕೊರೆದು, ನಡುನಡುವೆ ಬಾವಿಯಂಥ ಗಾಳಿಗಂಡಿಗಳನ್ನಿಟ್ಟು ಪಾರಸಿ ಪದ್ಧತಿಯಲ್ಲಿ ರಚಿಸಿದ ಸುರಂಗ ಕಾಲುವೆಯನ್ನು ನೋಡಿದವರು ಆ ಶಿಲ್ಪಿಗಳಿಗೆ ಕೈಮುಗಿಯದಿರಲಾರರು. ಬರುವ ನೀರಿಗೆ ಇಷ್ಟು ಜಾಣ್ಮೆ ಸಂದಿತು. ಹೋಗುವ ನೀರಿಗೆ ಮಾತ್ರ, ನಮ್ಮ ನಾಡಿನ ಬಹುಪಾಲು ಊರುಗಳಲ್ಲಿ, ಅದರ ನೂರರಲ್ಲೊಂದು ಪಾಲೂ ಸಲ್ಲಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಪಟ್ಟಣಗಳಿಗೆ ನಲ್ಲಿಗಳು ಬಂದುವು, ನಾಲಿಗಳು ಬರಲಿಲ್ಲ; ಬಚ್ಚಲ ನೀರು ಬೀದಿಯಲ್ಲಿಯೇ ನಿಂತಿತು, ಕ್ಯೂಲೆಕ್ಸ್ ಸೊಳ್ಳೆಗೆ ತೊಟ್ಟಿಲಾಯಿತು.

ಮದ್ದು ಬಂದುದು ೧೯೪೭ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಈ ರೋಗ ತಗುಲಿದ್ದರಿಂದ ಆ ದೇಶವು ಎಚ್ಚೆತ್ತಿತು. ನ್ಯೂಯಾರ್ಕ್ ಪ್ರಾಂತದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ಯಲ್ಲಾಪ್ರಗಡ ಸುಬ್ಬರಾವ್. ೧೮೯೫ರಲ್ಲಿ ಭೀಮವರದಲ್ಲಿ ಹುಟ್ಟಿ, ಸೋದರರನ್ನು ಸ್ಪ್ರೂ ಎಂಬ ಉಷ್ಣವಲಯದ ವ್ಯಾಧಿಗೆ ಕಳೆದುಕೊಂಡು, ೧೯೨೩ರಲ್ಲಿ ಹಡಗು ಹತ್ತಿ ಹಾರ್ವರ್ಡಿಗೆ ಹೋದ ತೆಲುಗು ವೈದ್ಯರು. ಅವರ ಮಾರ್ಗದರ್ಶನದಲ್ಲಿ ರೆಜಿನಾಲ್ಡ್ ಹೆವಿಟ್ ಮೊದಲಾದವರ ತಂಡವು ಸಿದ್ಧಪಡಿಸಿದ ಡೈಈಥೈಲ್‌ಕಾರ್ಬಮಝೀನ್, ಹೆಟ್ರಜಾನ್ ಎಂಬ ಹೆಸರಿನಿಂದ ಹೊರಬಂದ ಆ ಗುಳಿಗೆಯು, ರಕ್ತದಲ್ಲಿಯ ಮರಿಹುಳುಗಳನ್ನು ಕೆಲವೇ ಗಂಟೆಗಳಲ್ಲಿ ಸಂಹರಿಸಿತು. ಇಂದಿಗೂ ಆನೆಕಾಲಿನ ಮುಖ್ಯ ಔಷಧ ಅದೇ. ಸುಬ್ಬರಾಯರು ೧೯೪೮ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮರುತಿಂಗಳು ಭಾರತದ ಸೇನೆಯು ಹೈದರಾಬಾದನ್ನು ಹೊಕ್ಕು, ಬೀದರವು ನಿಜಾಮನ ಆಳಿಕೆಯಿಂದ ಬಿಡುಗಡೆ ಹೊಂದಿತು.

ಹೊಸ ಭಾರತವು ಒರಿಸ್ಸದಲ್ಲಿ ಕೆಲವು ವರ್ಷ ಪ್ರಾಯೋಗಿಕ ಕಾರ್ಯ ನಡೆಸಿ, ೧೯೫೫ರಲ್ಲಿ ರಾಷ್ಟ್ರೀಯ ಫೈಲೇರಿಯ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷವೇ ರಾಜ್ಯಗಳ ಪುನರ್ವಿಂಗಡಣೆಯಾಗಿ ಹಳೆಯ ಬೀದರ ಜಿಲ್ಲೆಯು ಹಂಚಿಹೋಯಿತು: ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ, ಬೀದರ, ಭಾಲ್ಕಿ, ಹುಮನಾಬಾದ ಮತ್ತು ಔರಾದದ ಭಾಗವು ಮೈಸೂರು ರಾಜ್ಯಕ್ಕೆ. ಭಾಷೆಗೆ ಈ ಗಡಿಯು ನ್ಯಾಯವನ್ನಿತ್ತಿತು. ಆದರೆ ಮಾಂಜ್ರಾ ನದಿಯ ಆಚೆಯ ಲಾತೂರ, ನಾಂದೇಡ, ಈಚೆಯ ಮೇದಕ, ನಿಜಾಮಾಬಾದ ಎಲ್ಲವೂ ಆನೆಕಾಲಿನ ಪ್ರದೇಶಗಳೇ. ಔರಾದದ ಕೂಲಿಯವನು ಕಬ್ಬಿನ ಕಟಾವಿಗೆ ಗಡಿ ದಾಟಿದರೆ ರಕ್ತದಲ್ಲಿನ ಹುಳುವೂ ಅವನೊಡನೆ ದಾಟುತ್ತದೆ. ಮೂರು ರಾಜ್ಯಗಳ ಮೂರು ಕಚೇರಿಗಳು ಬೇರೆ ಬೇರೆ ದಿನ ಬೇರೆ ಬೇರೆ ಪಟ್ಟಿ ಹಿಡಿದು ನಡೆಯುವ ಈ ಮೂಲೆಯಲ್ಲಿ ತಪ್ಪಿಸಿಕೊಳ್ಳುವವರು ಯಾವಾಗಲೂ ಬಡ ವಲಸಿಗರೇ.

ಅದಕ್ಕಿಂತ ದೊಡ್ಡ ಕೊರತೆ ಬೇರೊಂದಿತ್ತು. ಎಲ್ಲರಿಗೂ ಗುಳಿಗೆ ಕೊಡುವ ಯತ್ನವನ್ನು ಮೊದಲು ಮಾಡಿದಾಗ ಜ್ವರ, ತಲೆನೋವುಗಳಿಗೆ ಜನ ಅಂಜಿ ನಿರಾಕರಿಸಿದರು. ಆ ಬಳಿಕ ಕಾರ್ಯಕ್ರಮವು ಪಟ್ಟಣಗಳಿಗೆ ಸೀಮಿತವಾಗಿ, ಮೋರಿಗಳಿಗೆ ಎಣ್ಣೆ ಸಿಂಪಡಿಸುವುದು, ಚಿಕಿತ್ಸಾಲಯಕ್ಕೆ ತಾವಾಗಿ ಬಂದವರ ರಕ್ತ ನೋಡುವುದು ಇಷ್ಟಕ್ಕೆ ನಿಂತಿತು. ಎರೆಭೂಮಿಯ ನಡುವೆ ಚದುರಿದ ಭಾಲ್ಕಿ, ಔರಾದಗಳ ಹಳ್ಳಿಗಳಂಥ ಊರುಗಳು ದೇಶದಾದ್ಯಂತ ದಶಕಗಳ ಕಾಲ ಅದರ ಕೈಗೆ ಎಟುಕಲಿಲ್ಲ. ಪಟ್ಟಣಕ್ಕೆ ಬಸ್ಸು ಹತ್ತಿ ರಾತ್ರಿಯ ಚಿಕಿತ್ಸಾಲಯಕ್ಕೆ ಹೋಗಲಾರದವನಿಗೆ ಕಲಕತ್ತೆಯ ಲೂಯಿಸನೂ ಅಮೋಯಿಯ ಮ್ಯಾನ್ಸನನೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

೧೯೯೭ರಲ್ಲಿ ವಿಶ್ವ ಆರೋಗ್ಯ ಸಭೆಯು ಈ ರೋಗವನ್ನು ಸಾರ್ವಜನಿಕ ಸಮಸ್ಯೆಯಾಗಿ ಉಳಿಯದಂತೆ ನಿರ್ಮೂಲಗೊಳಿಸಲು ನಿರ್ಣಯಿಸಿತು. ಈ ಧೈರ್ಯಕ್ಕೆ ಆಧಾರವಾದುದು ಹುಳುವಿನ ಸ್ವಭಾವವೇ. ಮಲೇರಿಯದ ಜೀವಿಯಂತೆ ಇದು ಸೊಳ್ಳೆಯಲ್ಲಿ ಒಂದು ಸಾವಿರವಾಗುವುದಿಲ್ಲ. ಸೊಳ್ಳೆ ನುಂಗಿದ ಮರಿಗಳಲ್ಲಿ ಬದುಕಿದ ಕೆಲವು ಮಾತ್ರ ಹತ್ತು ಹದಿನಾಲ್ಕು ದಿನಗಳಲ್ಲಿ ಬೆಳೆದು, ಕಡಿತದ ಗಾಯದ ಮೂಲಕ ಮೈಯೊಳಗೆ ನುಸುಳಬೇಕು. ಆದುದರಿಂದ ರೋಗ ನೆಲೆಗೊಳ್ಳುವುದಕ್ಕೆ ವರ್ಷಾನುಗಟ್ಟಲೆ ಸಾವಿರಾರು ಕಡಿತಗಳು ಬೇಕು. ತಾಯಿಹುಳುವಿನ ಸಂತಾನಕಾಲವು ಸುಮಾರು ನಾಲ್ಕರಿಂದ ಆರು ವರ್ಷ. ಅಷ್ಟು ಕಾಲ ವರ್ಷಕ್ಕೊಮ್ಮೆ ಊರಿಗೆ ಊರೇ ಗುಳಿಗೆ ನುಂಗಿ ರಕ್ತವನ್ನು ಮರಿಗಳಿಲ್ಲದಂತೆ ಕಾಪಾಡಿಕೊಂಡರೆ ಸೊಳ್ಳೆಗೆ ಹೊತ್ತೊಯ್ಯಲು ಏನೂ ಸಿಗುವುದಿಲ್ಲ. ಸೊಳ್ಳೆಯಿದ್ದರೂ ರೋಗ ಅಳಿಯುತ್ತದೆ. ಭಾರತವು ೨೦೦೪ರಲ್ಲಿ ದೇಶವ್ಯಾಪಿಯಾಗಿ ಸಾಮೂಹಿಕ ಔಷಧ ಸೇವನೆಯನ್ನು ಕೈಗೊಂಡಿತು. ರೋಗಪೀಡಿತವೆಂದು ಗುರುತಾದ ಕರ್ನಾಟಕದ ಜಿಲ್ಲೆಗಳಲ್ಲಿ ಬೀದರವೂ ಒಂದು. ಆಶಾ ಕಾರ್ಯಕರ್ತೆಯರೂ ಅಂಗನವಾಡಿಯ ಅಕ್ಕಂದಿರೂ ಗುಳಿಗೆಯ ಚೀಲ ಹೊತ್ತು ಮನೆಮನೆಯ ಬಾಗಿಲು ತಟ್ಟಿದರು.

ಗುಳಿಗೆ ಮನೆ ಸೇರಿತು, ಹೊಟ್ಟೆ ಸೇರಲಿಲ್ಲ. ಕಲಬುರಗಿ ಪ್ರಾಂತದಲ್ಲಿ ವೈದ್ಯಕೀಯ ಕಾಲೇಜಿನ ಅಧ್ಯಾಪಕರು ನಡೆಸಿದ ಸಮೀಕ್ಷೆಗಳು ಎತ್ತಿ ಹೇಳಿದ ಮಾತು ಇದೇ: ಪಡೆದವರಿಗೂ ನುಂಗಿದವರಿಗೂ ನಡುವೆ ದೊಡ್ಡ ಅಂತರವಿತ್ತು. ನನಗೆ ರೋಗವಿಲ್ಲ, ಗುಳಿಗೆ ಏಕೆ ಎಂಬುದು ಸಾಮಾನ್ಯವಾದ ಪ್ರಶ್ನೆ. ಅದನ್ನು ಕೇಳುವವರು ಮೂಢರಲ್ಲ. ಅವರಿಗೆ ತಿಳಿಯಹೇಳದವರದೇ ತಪ್ಪು. ಕಾಲು ಬಾತವನ ರಕ್ತದಲ್ಲಿ ಎಷ್ಟೋ ವೇಳೆ ಮರಿಹುಳುಗಳೇ ಇರುವುದಿಲ್ಲ. ಮೈಯೆಲ್ಲ ಗಟ್ಟಿಮುಟ್ಟಾಗಿ ಹೊಲ ಉಳುತ್ತಿರುವವನ ರಕ್ತದಲ್ಲಿ ಅವು ತುಂಬಿರಬಹುದು, ಅವನಿಂದಲೇ ನೆರೆಮನೆಯ ಮಗುವಿಗೆ ರೋಗ ಹರಡುತ್ತಿರಬಹುದು. ನುಂಗಿದ ಮೇಲೆ ಕೆಲವರಿಗೆ ಬರುವ ಜ್ವರವೂ ವಿಷದ ಗುರುತಲ್ಲ, ಸತ್ತ ಹುಳುಗಳ ವಿರುದ್ಧ ದೇಹವು ತೋರುವ ಪ್ರತಿಕ್ರಿಯೆ. ಒಂದೆರಡು ದಿನಗಳಲ್ಲಿ ತಾನೇ ಇಳಿಯುತ್ತದೆ. ಇಷ್ಟನ್ನು ಬಾಗಿಲಲ್ಲಿ ನಿಂತು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಉರ್ದುವಿನಲ್ಲಿಯೋ ಬಿಡಿಸಿ ಹೇಳುವ ಸಾವಧಾನವು ಆ ಗುಳಿಗೆಯಷ್ಟೇ ಅಗತ್ಯವಾಗಿತ್ತು. ನಿರ್ಮೂಲನೆಗೆಂದು ಇಟ್ಟುಕೊಂಡ ೨೦೧೫ರ ಗಡುವು ಹೀಗೆ ದಾಟಿಹೋಯಿತು.

ಆಗ ಅನ್ವೇಷಣೆಯು ಮತ್ತೆ ನಮ್ಮ ಸೀಮೆಗೇ ಬಂದಿತು. ಹಳೆಯ ಎರಡು ಔಷಧಗಳ, ಎಂದರೆ ಸುಬ್ಬರಾಯರ ಗುಳಿಗೆ ಮತ್ತು ಅಲ್ಬೆಂಡಜೋಲಿನ, ಜತೆಗೆ ಐವರ್‌ಮೆಕ್ಟಿನನ್ನು ಸೇರಿಸಿ ಕೊಟ್ಟರೆ ಒಂದೇ ಸಲಕ್ಕೆ ಮರಿಹುಳುಗಳು ಬಹುಕಾಲ ತಲೆಯೆತ್ತುವುದಿಲ್ಲವೆಂದು ಪಾಪುವಾ ನ್ಯೂಗಿನಿಯಲ್ಲಿ ಕಂಡುಬಂದಿತ್ತು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹುಟ್ಟಿ, ೨೦೧೫ರಲ್ಲಿ ಓಮುರಾ ಮತ್ತು ಕ್ಯಾಂಪ್‌ಬೆಲ್ಲರಿಗೆ ನೊಬೆಲ್ ಗೌರವವನ್ನು ತಂದಿತ್ತ ಮದ್ದು ಈ ಐವರ್‌ಮೆಕ್ಟಿನ್. ಮೂರನ್ನೂ ಒಟ್ಟಿಗೆ ಸಾವಿರಾರು ಜನರಿಗೆ ಕೊಡುವುದು ಸುರಕ್ಷಿತವೇ ಎಂದು ಪರೀಕ್ಷಿಸಲು ಹೈಟಿ, ಫಿಜಿ, ಇಂಡೋನೇಷ್ಯಾ, ಪಾಪುವಾ ನ್ಯೂಗಿನಿಗಳೊಡನೆ ಭಾರತವನ್ನೂ ಆರಿಸಿದರು. ಭಾರತದಲ್ಲಿ ಪುದುಚೇರಿಯ ಕೀಟವಾಹಕ ನಿಯಂತ್ರಣ ಸಂಶೋಧನ ಕೇಂದ್ರದವರು ಆರಿಸಿದ ಜಿಲ್ಲೆ ಯಾದಗಿರಿ. ೨೦೧೬ರಿಂದ ಅಲ್ಲಿಯ ಹಳ್ಳಿಗಳ ಜನರು ರಾತ್ರಿ ರಕ್ತ ಕೊಟ್ಟು, ಗುಳಿಗೆ ನುಂಗಿ, ದಿನದಿನವೂ ಮನೆಗೆ ಬಂದ ವೈದ್ಯರಿಗೆ ತಮ್ಮ ಮೈಯ ಸ್ಥಿತಿಯನ್ನು ಹೇಳಿದರು. ಮೂರು ಔಷಧಗಳ ಕ್ರಮವು ಎರಡರಷ್ಟೇ ಸುರಕ್ಷಿತವೆಂದು ಸಿದ್ಧವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಈ ತ್ರಿವಳಿ ಚಿಕಿತ್ಸೆಯನ್ನು ಅನುಮೋದಿಸಿತು. ಭಾರತವು ಅದನ್ನು ಮೊದಲು ಜಾರಿಗೆ ತಂದ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಸೇರಿತು. ಇಂದು ದೇಶದ ಗುರಿ ೨೦೨೭. ಜಗತ್ತಿನ ಅನೇಕ ನಾಡುಗಳ ರೋಗಿಗಳು ಯಾದಗಿರಿಯ ಒಕ್ಕಲು ಮಕ್ಕಳ ರಕ್ತಕ್ಕೆ ಋಣಿಗಳೆಂಬ ಮಾತನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಾದರೂ ಹೇಳಬೇಕು.

ಈಗಾಗಲೇ ಕಾಲು ಬಾತವರಿಗೆ ಗುಳಿಗೆಯಿಂದ ಕಾಲು ಮೊದಲಿನಂತಾಗುವುದಿಲ್ಲ. ಆದರೆ ದಿನವೂ ಸೋಪು ನೀರಿನಿಂದ ಪಾದವನ್ನು ಬೆರಳ ಸಂದುಗಳವರೆಗೆ ತೊಳೆದು, ಮೃದುವಾಗಿ ಒರೆಸಿ, ಬಿರುಕುಗಳಿಗೆ ಮುಲಾಮು ಹಚ್ಚಿ, ಕುಳಿತಾಗ ಮಲಗಿದಾಗ ಕಾಲನ್ನು ಎತ್ತರಿಸಿಟ್ಟರೆ ಮರಳಿ ಮರಳಿ ಬರುವ ಜ್ವರವೂ ನೋವೂ ನಿಲ್ಲುತ್ತವೆ, ಬಾವು ಬೆಳೆಯುವುದು ತಡೆಯುತ್ತದೆ. ವೃಷಣದ ಬಾವಿಗೆ ಶಸ್ತ್ರಚಿಕಿತ್ಸೆಯುಂಟು. ಇದಕ್ಕಾಗಿ ಹೈದರಾಬಾದಿಗೋ ಸೋಲಾಪುರಕ್ಕೋ ಓಡಬೇಕಾಗಿಲ್ಲ. ತಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ ಅವರ ಕಾಲನ್ನು ಮುಚ್ಚಿಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರೆಂದು ಬೀದರದ, ಭಾಲ್ಕಿಯ, ಔರಾದದ ಓದುಗರನ್ನು ಬೇಡುತ್ತೇನೆ. ನಗರಸಭೆಗಳನ್ನೂ ಪಂಚಾಯಿತಿಗಳನ್ನೂ ನಡೆಸುವವರು ನಲ್ಲಿಯ ಲೆಕ್ಕದೊಡನೆ ನಾಲಿಯ ಲೆಕ್ಕವನ್ನೂ ಇಡಲಿ. ಗುಳಿಗೆ ಹಂಚುವವರು ಬಾಗಿಲಿಗೆ ಬಂದ ದಿನ, ಎರಡು ವರ್ಷದೊಳಗಿನ ಕೂಸುಗಳು, ಗರ್ಭಿಣಿಯರು, ತೀರ ಅಸ್ವಸ್ಥರು ಇವರ ಹೊರತು ಉಳಿದವರೆಲ್ಲರೂ, ಊಟ ಮಾಡಿ, ಗೂಡಿನಲ್ಲಿಡದೆ, ಅವರ ಎದುರಿನಲ್ಲಿಯೇ ಗುಳಿಗೆ ನುಂಗಿರಿ.